ಅಂಬಾಸಿಡರ್ ಇಂಜಿನ್‌ಗೆ ಮನೇಲೇ ಪೇಂಟ್: ಹಚ್ಚಿ, ಓಡ್ಸಿ, ಒರೆಸಿ ನೋಡಿದ್ಮೇಲೆ ಯಾವ್ದು ಉಳೀತು

ಅಪ್ಪನ ಕಾಲದ ಮಾರ್ಕ್ 4 ಅಂಬಾಸಿಡರ್ ನಮ್ದು, 1489 ಸಿಸಿ ಪೆಟ್ರೋಲ್ ಇಂಜಿನ್ನು. ಬೋರ್ ಕೆಲಸಕ್ಕೆ, ಅಂದ್ರೆ ಸವೆದ ಸಿಲಿಂಡರಿನ ಒಳಗೋಡೆ ಕೊರೆದು ಸರಿ ಮಾಡೋಕೆ, ಇಂಜಿನ್ ಇಳಿಸ್ಲೇಬೇಕು ಅಂತ ಮೇಸ್ತ್ರಿ ಹೇಳಿದ್ಮೇಲೆ, ಹೆಂಗೂ ಇಳೀತಿದೆ ಬಣ್ಣನೂ ಹೊಡೆದುಬಿಡೋಣ ಅಂತ ತಲೇಲಿ ಹುಳ ಬಿತ್ತು. ಒಂದ್ಸಲ ಇಂಜಿನ್ ವಾಪಸ್ ಕೂತ್ರೆ ಬ್ಲಾಕಿನ (ಇಂಜಿನ್ನಿನ ಮುಖ್ಯ ಮೈ) ಸಂದಿಗೊಂದಿಗೆ ಕೈ ಹೋಗಲ್ಲ, ತಪ್ಪು ಬಣ್ಣ ಹೊಡೆದ್ರೆ ವರ್ಷಾನುಗಟ್ಲೆ ಅದನ್ನೇ ನೋಡ್ಕೊಂಡು ಇರ್ಬೇಕು. ಅದಕ್ಕೇ ನಾಲ್ಕು ತಿಂಗಳು ಮುಂಚೆನೇ ಶಿವಮೊಗ್ಗದ ಗುಜರಿಲಿ ಎರಡು ಹಳೇ ಟ್ಯಾಪೆಟ್ ಕವರ್ (ಇಂಜಿನ್ ನೆತ್ತಿ ಮೇಲಿರೋ ಮುಚ್ಚಳ) ತಂದೆ, ತಗಡಿನವು, ಒಂದೊಂದಕ್ಕೂ ನಡುವೆ ಟೇಪ್ ಹಾಕಿ ಅರ್ಧರ್ಧಕ್ಕೆ ಬೇರೆ ಪೇಂಟು. ಒಂದನ್ನ ಎರಡು ತಿಂಗಳು ಗಾಡಿಗೆ ಹಾಕಿ ಓಡ್ಸೋದು, ಆಮೇಲೆ ಇನ್ನೊಂದು. ಮನೇಲಿ ಎಲ್ರೂ ನಕ್ಕರು, ನಗ್ಲಿ ಬಿಡಿ.

ಮೊದಲ್ನೇದು ಹಾರ್ಡ್‌ವೇರ್ ಅಂಗಡಿ ಮಾಮೂಲಿ ಸಿಂಥೆಟಿಕ್ ಎನಾಮಲ್, ಕೆಂಪು, ಬ್ರಷ್ಷಲ್ಲಿ. ಗೇಟಿಗೆ ಹಚ್ತೀವಲ್ಲ ಅದೇ. ಒಂದೇ ವಾರಕ್ಕೆ ಎದ್ದು ಬರತ್ತೆ ಅನ್ಕೊಂಡಿದ್ದೆ, ಬರ್ಲಿಲ್ಲ. ಟ್ಯಾಪೆಟ್ ಕವರ್ ಅಂದ್ರೆ ಹೆಚ್ಚುಕಮ್ಮಿ ಕೂಲೆಂಟ್ ಬಿಸಿ, ಆಯಿಲ್ ಬಿಸಿ, ನೂರು ಡಿಗ್ರಿ ಆಸುಪಾಸು, ಅಷ್ಟನ್ನ ಈ ಪೇಂಟ್ ಹೆಂಗೋ ತಡ್ಕೊಳ್ತು. ಆದ್ರೆ ಬಿಸಿ ಇದ್ದಾಗ ಮೆತ್ತಗಾಗತ್ತೆ, ಬಟ್ಟೇಲಿ ಒರೆಸಿದ್ರೆ ಬಟ್ಟೆ ನೂಲಿನ ಅಚ್ಚು ಹಂಗೇ ಕೂತ್ಕೊಳ್ತು. ಎರಡು ತಿಂಗಳಲ್ಲಿ ಕೆಂಪು ಹೋಗಿ ಇಟ್ಟಿಗೆ ಬಣ್ಣ. ಖರ್ಚಂತೂ ಏನೂ ಇಲ್ಲ, ಡಬ್ಬಿ ಮನೇಲೇ ಇತ್ತು.

ಅದ್ರ ಪಕ್ಕದರ್ಧ ಮಾಮೂಲಿ ಸ್ಪ್ರೇ ಕ್ಯಾನು, ಹೊಳಪಿನ ಕರಿ. ಹೊಡೆದ ದಿನ ಕನ್ನಡಿ ಥರ, ಫೋಟೋ ತೆಗ್ದು ಎಲ್ರಿಗೂ ಕಳಿಸ್ದೆ. ಕಾರ್ಬೊರೇಟರ್ ಬಿಚ್ಚಿದಾಗ ನಾಲ್ಕು ತೊಟ್ಟು ಪೆಟ್ರೋಲ್ ಬಿತ್ತು ನೋಡಿ, ಒರೆಸೋಕೆ ಹೋದ್ರೆ ಬಟ್ಟೆಗೆ ಕರಿ ಬಂತು, ಕವರ್ ಮೇಲೆ ತಗಡು ಕಾಣ್ತು. ಅಲ್ಲಿಗೆ ಅದ್ರ ಕಥೆ ಮುಗೀತು. ಇನ್ನೊಂದ್ ವಿಷ್ಯ, ನಮ್ ಮಲೆನಾಡಲ್ಲಿ ಮಳೆಗಾಲದಲ್ಲಿ ಸ್ಪ್ರೇ ಹೊಡೀಬೇಡಿ, ಗಾಳೀಲಿರೋ ತೇವ ಕೂತು ಕರಿ ಮೇಲೆ ಹಾಲು ಚೆಲ್ಲಿದಂಗೆ ಬಿಳೀ ಮಬ್ಬು ಬರತ್ತೆ. ನಾನು ಜುಲೈಲಿ ಹೊಡೆದೆ, ಎರಡನೇ ಸಲ ಹೊಡೆದೆ.

ಎರಡನೇ ಕವರಿಗೆ ದುಡ್ಡು ಬಿಚ್ಚಿದೆ. ಬೆಂಗಳೂರಿಗೆ ಹೋದಾಗ ಜೆಸಿ ರೋಡಿಂದ ಇಂಜಿನ್ ಎನಾಮಲ್ ಅಂತ್ಲೇ ಬರೋ ಕ್ಯಾನ್ ತಂದೆ, ತಿಳಿ ಗ್ರೇ, ಅರೆ ಹೊಳಪಿಂದು, ಸುಮಾರು 250 ಡಿಗ್ರಿ ತಡಿಯತ್ತೆ ಅಂತ ಮೇಲೆ ಬರ್ದಿತ್ತು. ಇನ್ನರ್ಧಕ್ಕೆ ಕರಿ ರಿಂಕಲ್ ಫಿನಿಶ್ಶು, ಅಂದ್ರೆ ಒಣಗ್ತಾ ಒಣಗ್ತಾ ಚರ್ಮದ ಥರ ಸುಕ್ಕಾಗೋದು.

ರಿಂಕಲ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ನಾನು ಮನಸಲ್ಲಿ ಅದನ್ನೇ ಗೆಲ್ಲಿಸಿಬಿಟ್ಟಿದ್ದೆ. ತೆಳ್ಳಗೆ ಹೊಡೆದ್ರೆ ಸುಕ್ಕು ಬರಲ್ಲ, ಮೂರು ದಪ್ಪ ಕೋಟು, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಒಂದು ಓರೆಗೆ, ನಡುವೆ ಐದೈದು ನಿಮಿಷ, ಆಮೇಲೆ ಬಿಸಿ ಕೊಡ್ಬೇಕು. ಅಮ್ಮ ಓವನ್ ಹತ್ರ ಸುಳಿಯಕ್ಕೂ ಬಿಡ್ಲಿಲ್ಲ (ಸರೀನೇ, ಅಡುಗೆ ಮಾಡೋದ್ರಲ್ಲಿ ಪೇಂಟ್ ಬೇಯಿಸ್ಬಾರ್ದು), ಹೇರ್ ಡ್ರೈಯರ್ ಹಿಡ್ಕೊಂಡು ಕೂತೆ. ಕಣ್ಮುಂದೇನೇ ಸುಕ್ಕು ಮೂಡತ್ತೆ, ನೋಡಕ್ಕೆ ಒಳ್ಳೇ ಮಜಾ. ತಗಡಿನ ಸಣ್ಣಪುಟ್ಟ ತಗ್ಗು, ಗೀರು ಎಲ್ಲಾ ಮುಚ್ಚೋಯ್ತು. ಬಿಸಿಗೂ ಜಗ್ಲಿಲ್ಲ ಪೆಟ್ರೋಲಿಗೂ ಜಗ್ಲಿಲ್ಲ. ಆದ್ರೆ ನಮ್ ರಸ್ತೆ ಧೂಳು, ಮೇಲೆ ಆಯಿಲ್ ಹಾಕೋವಾಗ ಚೆಲ್ಲೋ ಎರಡು ಹನಿ, ಇವೆರಡೂ ಸೇರಿ ಆ ಸುಕ್ಕಿನೊಳಗೆ ಕೆಸರಾಗಿ ಕೂತ್ವು. ಬಟ್ಟೆ ಒಳಗಿಳಿಯಲ್ಲ, ಹಲ್ಲುಜ್ಜೋ ಬ್ರಷ್ಷು ಸೋಪಿನ ನೀರು ತಗೊಂಡು ಅರ್ಧ ಗಂಟೆ ತಿಕ್ಕಬೇಕು. ಷೋಗೆ ನಿಲ್ಲೋ ಗಾಡಿಗೆ ಸರಿ, ಸಂತೆಗೆ ಹೋಗಿ ಬರೋ ಗಾಡಿಗಲ್ಲ.

ಗ್ರೇ ನೋಡಕ್ಕೆ ಸಪ್ಪೆ. ಆದ್ರೆ ಒಂದೇ ಸಲ ಬಟ್ಟೆ ಎಳೆದ್ರೆ ಕ್ಲೀನು. ಒಂದೇ ಎಚ್ಚರ, ಹೊಡೆದು ಒಂದು ವಾರ ಬಿಟ್ಟು ಎರಡು ಮೂರು ಸಲ ಇಂಜಿನ್ ಬಿಸಿ ಮಾಡಿ ಆರಿಸೋ ತನಕ ಪೆಟ್ರೋಲ್ ತಾಗಿಸ್ಬೇಡಿ, ಹಸಿ ಇದ್ದಾಗ ಇದೂ ಬಿಡತ್ತೆ. ಮತ್ತೆ ಟ್ಯಾಪೆಟ್ ಕವರಿನ ಮೇಲಿರೋ ಎರಡು ನಟ್ಟಿನ ಕೆಳಗೆ ಯಾವ ಪೇಂಟಾದ್ರೂ ಬಿರೀತು, ಅದು ಪೇಂಟಿನ ತಪ್ಪಲ್ಲ, ಲೀಕ್ ನಿಲ್ಲಿಸ್ಬೇಕು ಅಂತ ನಾನು ಬಿಗಿದಿದ್ದು ಜಾಸ್ತಿ.

ಕರಿ ಬಣ್ಣ ಇಂಜಿನ್ ತಂಪಾಗಿಡತ್ತೆ ಅಂತ ಒಬ್ರು ಗೆಳೆಯರು ವಾದ ಮಾಡಿದ್ರು. ಆ ಬಿಸಿಯಲ್ಲಿ ಬಿಳಿಯಾಗ್ಲಿ ಕರಿಯಾಗ್ಲಿ ಮಾಮೂಲಿ ಪೇಂಟೆಲ್ಲಾ ಶಾಖ ಹೊರಗೆ ಬಿಡೋದು ಹೆಚ್ಚುಕಮ್ಮಿ ಒಂದೇ, ಸಿಲ್ವರ್ ಮಾತ್ರ ಕಮ್ಮಿ. ತಂಪು ಮಾಡೋದು ರೇಡಿಯೇಟರ್ರು. ಬಣ್ಣದಿಂದ ನಿಜವಾದ ಲಾಭ ಬೇರೆ ಇದೆ: ಈ ಇಂಜಿನ್ ಆಯಿಲ್ ಸೋರದೇ ಇರೋದಿಲ್ಲ. ಬ್ಲಾಕಿನ ಪಕ್ಕ, ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಬರೋ, ಹೊಗೆ ಹೋಗೋ ಕೊಳವೆಗಳು) ಕೆಳಗಿರೋ ಸೈಡ್ ಕವರ್ ಗ್ಯಾಸ್ಕೆಟ್ಟಂತೂ ಹಳೇ ರೋಗಿ. ಕರಿ ಬ್ಲಾಕಲ್ಲಿ ಎಲ್ಲಿಂದ ಸೋರ್ತಿದೆ ಅಂತ ದೇವ್ರಿಗೇ ಗೊತ್ತು, ತಿಳಿ ಗ್ರೇಲಿ ಗೆರೆ ಎಲ್ಲಿ ಶುರುವಾಗಿದೆ ಅಂತ ಟಾರ್ಚ್ ಬಿಟ್ರೆ ಕಾಣತ್ತೆ. ಅಲ್ಲಿಗೆ ಬ್ಲಾಕು, ಟ್ಯಾಪೆಟ್ ಕವರು ಎರಡಕ್ಕೂ ಗ್ರೇ ಅಂತ ಫಿಕ್ಸ್ ಆಯ್ತು, ಎರಡು ಕ್ಯಾನ್ ಹಿಡೀತು.

ಏರ್ ಕ್ಲೀನರ್ ಡಬ್ಬ ಪೌಡರ್ ಕೋಟಿಂಗಿಗೆ ಕೊಟ್ಟೆ, ಅಂದ್ರೆ ಪುಡಿ ಬಣ್ಣ ಎರಚಿ ಬೇಯಿಸೋದು, ಕರಿ ಸ್ಯಾಟಿನ್. ಗಟ್ಟಿತನದಲ್ಲಿ ಇದರ ಮುಂದೆ ಯಾವ್ದೂ ನಿಲ್ಲಲ್ಲ, ಸ್ಪ್ಯಾನರ್ ಬಿದ್ರೂ ಗೀರಿಲ್ಲ. ಆದ್ರೆ ಅವ್ರು 180-200 ಡಿಗ್ರೀಲಿ ಬೇಯಿಸ್ತಾರೆ, ರಬ್ಬರ್ ಎಲ್ಲಾ ತೆಗ್ದು ಕೊಡ್ಬೇಕು, ಮತ್ತೆ ಮೊದ್ಲು ಮರಳು ಹೊಡೀತಾರೆ, ಒಳಗೆ ಒಂದು ಕಾಳು ಉಳಿದ್ರೂ ಅದು ಹೋಗೋದು ಸೀದಾ ಹೊಸ ಬೋರಿಗೆ. ನಾನು ಮೂರು ಸಲ ತೊಳ್ದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಮೇಲಿನ ಯಾವ್ದೂ ಆಗಲ್ಲ. ಸೈಲೆನ್ಸರಿಗೆ ಹಚ್ಚೋ ಸಿಲ್ವರ್ ಹೀಟ್ ಪೇಂಟೇ ಬೇಕು, 600 ಡಿಗ್ರಿದು, ಪ್ರೈಮರ್ ಇಲ್ದೆ ಬರೀ ಕಬ್ಬಿಣಕ್ಕೆ, ತೆಳ್ಳಗೆ. ಇದು ಗಾಳಿಗೆ ಗಟ್ಟಿಯಾಗಲ್ಲ, ಬಿಸಿ ತಿಂದೇ ಗಟ್ಟಿಯಾಗೋದು, ಅದಕ್ಕೆ ಹತ್ತು ನಿಮಿಷ ಓಡ್ಸಿ ಆರಿಸಿ, ಇಪ್ಪತ್ತು ನಿಮಿಷ ಓಡ್ಸಿ ಆರಿಸಿ. ಮೊದಲ್ನೇ ಸಲ ಹೊಗೆ ನಾತ ಎರಡೂ ಬರತ್ತೆ, ಗಾಡಿ ಹೊರಗಡೆ ನಿಲ್ಲಿಸಿ.

ತಯಾರಿ ಎಲ್ಲದಕ್ಕೂ ಒಂದೇ: ಸೀಮೆಎಣ್ಣೆ, ಸೋಪಿನ ನೀರು, ವೈರ್ ಬ್ರಷ್ಷು, ಎಮ್ರಿ ಪೇಪರು, ಕೊನೆಗೆ ಥಿನ್ನರ್ ಒರೆಸು. ಕಾಸ್ಟಿಕ್ ಸೋಡಾ ಕಬ್ಬಿಣಕ್ಕೆ ಮಾತ್ರ, ಅಲ್ಯುಮಿನಿಯಂ ಪಾರ್ಟಿಗೆ ಹಾಕಿದ್ರೆ ತಿಂದು ಹಾಕತ್ತೆ.

ಇಷ್ಟೆಲ್ಲಾ ಆಗಿ ಇಂಜಿನ್ ಕೂರಿಸಿ ಕೀ ತಿರುಗಿಸಿದ್ರೆ ಟಿಕ್ ಅಂತು, ಸುಮ್ನಾಯ್ತು. ಹೊಸ ಬ್ಯಾಟ್ರಿ ಬೇರೆ. ಎರಡು ಗಂಟೆ ತಲೆ ಕೆಡಿಸ್ಕೊಂಡ್ಮೇಲೆ ಮೇಸ್ತ್ರಿ ಬಂದು ನೋಡಿ, ಅರ್ತ್ ಪಟ್ಟಿ ಕೂರೋ ಜಾಗಕ್ಕೂ ಬಣ್ಣ ಬಳಿದಿದೀರಲ್ಲ ಸಾರ್ ಅಂದ್ರು. ಇಂಜಿನ್ನಿಂದ ಕರೆಂಟು ಬ್ಯಾಟ್ರಿಗೆ ವಾಪಸ್ ಹೋಗೋ ಪಟ್ಟಿ ಅದು, ಬಣ್ಣದ ಮೇಲೆ ಕೂತ್ರೆ ಕರೆಂಟ್ ಹರಿಯಲ್ಲ. ಆ ಎರಡು ಇಂಚು ಜಾಗ ಕೆರೆದು ಗ್ರೀಸ್ ಸವರಿಟ್ಟಿದೀನಿ, ಬಾನೆಟ್ ಎತ್ತಿದ್ರೆ ಈಗ್ಲೂ ಅದೊಂದೇ ಬೋಳಾಗಿ ಕಾಣತ್ತೆ.