ಬುಟ್ಟಿ ತಾನೇ ಇಳಿದು ಏರುವ ಚಹಾ ಕೆಟಲ್: ನಾಲ್ಕು ವರ್ಷಗಳ ಬಳಕೆಯ ನಂತರ

ನಾಲ್ಕು ವರ್ಷಗಳಿಂದ ದಿನಕ್ಕೆ ಎರಡು ಬಾರಿಯಾದರೂ ಬಳಸುತ್ತಿರುವ ವಿದ್ಯುತ್ ಚಹಾ ಕೆಟಲ್ಲಿನ ಬಗ್ಗೆ ಈ ವಿಮರ್ಶೆ. ಗಾಜಿನ ಪಾತ್ರೆ, ಅದರೊಳಗೆ ಸ್ಟೀಲ್ ಜಾಲರಿಯ ಬುಟ್ಟಿ, ಕೆಳಗೆ ಉಷ್ಣತೆಯನ್ನೂ ಸಮಯವನ್ನೂ ಆರಿಸುವ ಗುಂಡಿಗಳಿರುವ ಪೀಠ, ಇಷ್ಟೇ ಅದರ ರಚನೆ. ನೀರು ನಿಗದಿತ ಉಷ್ಣತೆಗೆ ಬಂದೊಡನೆ ಬುಟ್ಟಿ ಇಳಿಯುತ್ತದೆ. ಹೇಳಿದಷ್ಟು ನಿಮಿಷ ಮುಳುಗಿದ್ದು ಮೇಲೇರುತ್ತದೆ.

ಕೊಳ್ಳುವಾಗ ನಾನು ನೋಡಿದ್ದು ವೇಗವನ್ನು ಮಾತ್ರ, ಅದು ತಪ್ಪು ಲೆಕ್ಕವಾಗಿತ್ತು. 1 ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 314 ಕಿಲೋಜೂಲ್ ಶಾಖ ಬೇಕು; ಒಂದಿಷ್ಟೂ ಶಾಖ ಸೋರದಿದ್ದರೂ 1500 ವಾಟ್‌ಗಳ ಕೆಟಲ್ ಅದಕ್ಕೆ ಮೂರೂವರೆ ನಿಮಿಷ ತೆಗೆದುಕೊಳ್ಳಲೇಬೇಕು. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಅದೇ ವಾಟ್‌ನ ಯಾವ ಯಂತ್ರವೂ ಇದನ್ನು ಮೀರಲಾರದು. ನಿಜವಾದ ಲಾಭವಿರುವುದು ಎಲೆಯನ್ನು ಹೊತ್ತಿಗೆ ಸರಿಯಾಗಿ ನೀರಿನಿಂದ ಎತ್ತುವುದರಲ್ಲಿ. ಹಿಂದೆ ಒಲೆಯ ಮೇಲೆ ಹಸಿರು ಚಹಾ ಮಾಡುತ್ತಿದ್ದಾಗ, ಫೋನಿನಲ್ಲಿ ಎರಡು ಮಾತು ಹೆಚ್ಚಾದರೆ ಸಾಕು, ನಾಲಿಗೆ ಹಿಡಿಯುವಷ್ಟು ಒಗರಾಗುತ್ತಿತ್ತು. ಈಗ ಆ ಚಿಂತೆ ಇಲ್ಲ.

ಉಷ್ಣತೆಯ ವಿಷಯದಲ್ಲಿ ಮಾತ್ರ ಪರದೆಯ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. 80ಕ್ಕೆ ಇಟ್ಟು ಅಡುಗೆಯ ಥರ್ಮಾಮೀಟರ್ ಅದ್ದಿ ನೋಡಿದಾಗ 84 ತೋರಿಸಿತು, ಅರ್ಧ ಪಾತ್ರೆ ನೀರಿದ್ದಾಗ ಇನ್ನೂ ಹೆಚ್ಚು. ವಿದ್ಯುತ್ ನಿಂತ ಮೇಲೂ ತಳದ ತಟ್ಟೆಯಲ್ಲಿ ಉಳಿದ ಕಾವು ನೀರಿಗೆ ಇಳಿಯುತ್ತಲೇ ಇರುವುದರಿಂದ ಹೀಗಾಗುತ್ತದೆ. ಹಸಿರು ಚಹಾಕ್ಕೆ ನಾನು 75ಕ್ಕೇ ಇಡುತ್ತೇನೆ. ಪ್ರಮಾಣಕ್ಕೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕದಿಂದ ಶುರುಮಾಡಿದ್ದೆ: 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ಚಹಾದ ರುಚಿಯನ್ನು ಹೋಲಿಸಿ ನೋಡುವವರಿಗಾಗಿ ಮಾಡಿದ ಕ್ರಮ, ಕುಡಿಯುವವರಿಗಲ್ಲ. ಕಪ್ಪು ಚಹಾಕ್ಕೆ ಅರ್ಧದಷ್ಟು ಎಲೆ ಮತ್ತು ನಾಲ್ಕು ನಿಮಿಷ ನಮಗೆ ಒಗ್ಗಿದೆ.

ಬಿಸಿ ಕಾಯ್ದಿಡುವ ಸೌಲಭ್ಯವನ್ನು ನೀರಿಗೆ ಮಾತ್ರ ಬಳಸಿ. ಇಪ್ಪತ್ತು ನಿಮಿಷದಲ್ಲಿ ಚಹಾದ ಪರಿಮಳ ಹೋಗಿ ಬಣ್ಣ ಕಂದುತ್ತದೆ. ಹಾಲನ್ನಂತೂ ಹಾಕಲೇಬೇಡಿ. ಮನೆಯವರೊಬ್ಬರು ಒಮ್ಮೆ ಕಾಯಿಸಿ ನೋಡಿದ್ದರು. ತಳ ಹಿಡಿದ ಹಾಲಿನ ಕಮಟು ವಾಸನೆ ವಾರವಿಡೀ ಪ್ರತಿ ಲೋಟದಲ್ಲೂ ಇತ್ತು.

ಶುಚಿಗೊಳಿಸುವ ಕೆಲಸವೇ ಈ ಯಂತ್ರದ ಖರ್ಚು ಎನ್ನಬೇಕು. ಗಡಸು ನೀರಾದರೆ ತಿಂಗಳೊಳಗೆ ತಳದಲ್ಲಿ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಅರ್ಧ ಪಾತ್ರೆ ನೀರಿಗೆ ಒಂದು ಚಮಚ ಸಿಟ್ರಿಕ್ ಆಮ್ಲ ಹಾಕಿ ಬಿಸಿಮಾಡಿ ಬಿಟ್ಟರೆ, ಸಣ್ಣ ಗುಳ್ಳೆಗಳೇಳುತ್ತ ಪದರ ಕರಗುವುದನ್ನು ಗಾಜಿನ ಮೂಲಕವೇ ನೋಡಬಹುದು. ಜಾಲರಿಗೆ ಹತ್ತಿದ ಚಹಾ ಕಲೆಗೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸುವುದೇ ಮದ್ದು. ಎರಡನ್ನೂ ಒಟ್ಟಿಗೆ ಹಾಕಬೇಡಿ, ಒಂದನ್ನೊಂದು ನಿಷ್ಫಲಗೊಳಿಸುತ್ತವೆ.

ಮೂರನೆಯ ವರ್ಷ ಬುಟ್ಟಿ ಅರ್ಧದಾರಿಯಲ್ಲೇ ನಿಂತಿತು. ತಯಾರಕರ ಸೇವಾಕೇಂದ್ರದವರು ಇಡೀ ಮೇಲ್ಭಾಗವನ್ನೇ ಬದಲಿಸಬೇಕೆಂದರು. ಬಿಚ್ಚಿ ನೋಡಿದರೆ, ಬುಟ್ಟಿ ಜಾರುವ ಜಾಡಿನಲ್ಲಿ ಎಲೆಯ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ ಮೇಲೆ ಇಂದಿನವರೆಗೆ ತೊಂದರೆಯಿಲ್ಲ. ಅಂದಿನಿಂದ ತೀರಾ ಸಣ್ಣ ಪುಡಿಯನ್ನು ಬುಟ್ಟಿಗೆ ಹಾಕುತ್ತಿಲ್ಲ, ಅದು ಜಾಲರಿಯಿಂದ ಸೋರುತ್ತದೆ ಕೂಡ.

ಪರಿಹಾರ ಸಿಗದೆ ಉಳಿದಿರುವುದು ಅದರ ಬೀಪ್ ಸದ್ದು. ಬುಟ್ಟಿ ಇಳಿದಾಗ ಒಮ್ಮೆ, ಏರಿದಾಗ ಐದು ಬಾರಿ ಕೂಗುತ್ತದೆ, ಅಡಗಿಸುವ ಗುಂಡಿಯಿಲ್ಲ. ನಸುಕಿನಲ್ಲಿ ಚಹಾ ಬೇಕೆನಿಸಿದರೆ ಕೊನೆಯ ನಿಮಿಷದಲ್ಲಿ ಪಕ್ಕದಲ್ಲೇ ನಿಂತು, ಬುಟ್ಟಿ ಮೇಲೇರುತ್ತಿದ್ದಂತೆಯೇ ಪಾತ್ರೆಯನ್ನು ಪೀಠದಿಂದ ಎತ್ತಿಬಿಡುತ್ತೇನೆ.