ಬಿ.ಎಚ್. ರಸ್ತೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಮೇಷ್ಟ್ರು ಸೂಪರ್, ನೋಟ್ಸ್ ಬೇಡ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸ್ಪೋಕನ್ ಇಂಗ್ಲಿಷ್ ಬೋರ್ಡ್‌ಗಳಿಗೇನು ಬರವಿಲ್ಲ. ನಾನು ಸೇರಿದ ಕಡೆಯ ಹೆಸರು ಹಾಕುವುದಿಲ್ಲ, ಬೈಯುವುದೂ ಸ್ವಲ್ಪ ಇದೆ. ನನ್ನದು ಮೀಟರ್, ಸ್ಟೆಬಿಲೈಸರ್ ರಿಪೇರಿ ಕೆಲಸ. ಕಂಪನಿಯವರ ಮೇಲ್‌ಗಳಿಗೆ ನಾನೇ ಉತ್ತರ ಬರೀಬೇಕಲ್ವಾ, ಅದಕ್ಕೇ ಸಂಜೆ ಬ್ಯಾಚ್ ಸೇರಿದೆ.

ಮೇಷ್ಟ್ರು ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸುವವರಲ್ಲ. ಒಂದು ಸಂಜೆ ಪೂರ್ತಿ 'ಶಂಟ್' ಅನ್ನೋ ಒಂದೇ ಕ್ರಿಯಾಪದ ಹಿಡಿದುಕೊಂಡರು. ಬ್ಯಾಚ್‌ನಲ್ಲಿ ದಿನಾ ರೈಲಲ್ಲಿ ಓಡಾಡುವವರೇ ಜಾಸ್ತಿ, ಶಂಟಿಂಗ್ ಯಾರಿಗೂ ಹೊಸದಲ್ಲ. ಯಶವಂತಪುರದಲ್ಲಿ ಎಂಜಿನ್ ಖಾಲಿ ಬೋಗಿಗಳನ್ನು ಹಳಿಯಿಂದ ಹಳಿಗೆ ನೂಕುವುದನ್ನು ನೋಡಿದವರೇ ಎಲ್ಲರೂ. ನಾವು ಓಡಾಡುವ ಮೆಮು ಲೋಕಲ್ ರೈಲಿಗೆ ಎಂಜಿನ್ ಬದಲಿಸುವ ರಗಳೆ ಇಲ್ಲ ಬಿಡಿ, ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇದೆ. ಮೇಷ್ಟ್ರು ಕೇಳಿದರು: "ಬೋಗಿ ತಾನಾಗಿ ಹೋಯ್ತಾ, ಯಾರಾದರೂ ನೂಕಿದರಾ?" ಅದಕ್ಕೇ ಮನುಷ್ಯರ ವಿಷಯಕ್ಕೆ ಬಂದಾಗ ಇದು ಹೆಚ್ಚಾಗಿ 'ವಾಸ್ ಶಂಟೆಡ್' ಅಂತಲೇ ಬರುತ್ತದೆ. ಆಫೀಸರ್ ಒಬ್ಬರು 'ಶಂಟೆಡ್' ಆದರು ಅಂತ ಪೇಪರ್‌ನಲ್ಲಿ ಬಂದರೆ, ಬೇಡವಾದವರನ್ನು ಮೂಲೆಗೆ ತಳ್ಳಿದ್ದಾರೆ ಅಂತ ತಿಳಿಯಬೇಕು. ಕೇಳಿ ಹಾಕಿಸಿಕೊಂಡ ಟ್ರಾನ್ಸ್‌ಫರ್‌ಗೆ ಇದು ಒಗ್ಗುವುದಿಲ್ಲ. ಪಹಣಿಗೆ ಹೋದವರನ್ನು ಅಲೆಸಿದರೆ 'ಶಂಟೆಡ್ ಫ್ರಮ್ ಟೇಬಲ್ ಟು ಟೇಬಲ್'. ಇದಕ್ಕೆ ಇಡೀ ಕ್ಲಾಸ್ ತಲೆಯಾಡಿಸಿತು.

'ಶಂಟ್' ಅನ್ನೋ ಮಾತು ರೈಲಿಗಿಂತ ಹಳೆಯದಂತೆ, ಮೊದಲು ಪಕ್ಕಕ್ಕೆ ಸರಿಯುವುದು ಅನ್ನೋ ಅರ್ಥ ಇತ್ತಂತೆ. ಅಮೆರಿಕದ ರೈಲ್ವೆಯವರು 'ಸ್ವಿಚ್' ಅನ್ನುತ್ತಾರೆ. ನನಗೆ ಖುಷಿಯಾದದ್ದು ಬೇರೆ. ಆಂಪಿಯರ್ ಅಳೆಯುವ ಮೀಟರ್‌ನಲ್ಲಿ ನಾನು ದಿನಾ ಮುಟ್ಟುವ ಶಂಟ್ ಕೂಡ ಇದೇ. ಮೀಟರ್‌ನ ಸುರುಳಿ ಸುಟ್ಟುಹೋಗದಂತೆ ಕರೆಂಟಿನ ಬಹುಪಾಲನ್ನು ಪಕ್ಕದ ದಾರಿಗೆ ಕಳಿಸುವ ಲೋಹದ ಪಟ್ಟಿ ಅದು. ಹೇಳಿದೆ. ಮೇಷ್ಟ್ರು ಚಾಕ್‌ಪೀಸ್ ನನ್ನ ಕೈಗೆ ಕೊಟ್ಟು ಸರ್ಕ್ಯೂಟ್ ಬರೆಸಿದರು.

ಇನ್ನು ಬೈಗುಳ. ನೋಟ್ಸ್ ಅಂತ ಕೊಡುವುದು ಜೆರಾಕ್ಸ್‌ನ ಜೆರಾಕ್ಸ್, ಅರ್ಧ ಸಾಲು ಕಾಣುವುದೇ ಇಲ್ಲ. ಕಂಡಷ್ಟರಲ್ಲಿ 'ಐ ಶಂಟೆಡ್ ಟು ಬೆಂಗಳೂರು ಫಾರ್ ಎ ಬೆಟರ್ ಜಾಬ್' ಅಂತ ಉದಾಹರಣೆ ಇದೆ, ಮೇಷ್ಟ್ರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಹಿಂದಿನ ಬೆಂಚಿಗೆ ಬಸ್ ಹಾರ್ನ್ ಬಿಟ್ಟರೆ ಬೇರೇನೂ ಕೇಳಿಸದು. ಫೀಸ್ ಪೂರ್ತಿ ಮೊದಲೇ ಕಟ್ಟಬೇಕು, ಮಧ್ಯೆ ಬಿಟ್ಟರೆ ವಾಪಸ್ ಇಲ್ಲ.

ಡೆಮೊ ಕ್ಲಾಸ್ ಫ್ರೀ. ಕೂತು ನೋಡಿ, ಸಂಜೆ ಬ್ಯಾಚೇ ಅಂತ ಖಚಿತ ಮಾಡಿಕೊಂಡು ದುಡ್ಡು ಕಟ್ಟಿ. ಬೆಳಗಿನ ಬ್ಯಾಚ್‌ಗೆ ಬೇರೆ ಮೇಷ್ಟ್ರು, ಅವರು ನೋಟ್ಸ್ ನೋಡಿಕೊಂಡೇ ಪಾಠ ಮಾಡುತ್ತಾರೆ.