ಬೆಂಗಳೂರಿನ ಮಾಯವಾದ ಕೆರೆಗಳಿಗೆ ಯಾವ ನಕ್ಷೆ ಸಾಫ್ಟ್‌ವೇರ್?

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಲೈಬ್ರರಿಗಳಲ್ಲಿ ಈಗ ಜಿಐಎಸ್ ಲ್ಯಾಬ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಲ್ಯಾಬ್, ಇರುವುದು ಮಾಮೂಲಿ. ನಾನು ಓದುವ ಕಡೆಯೂ ಇದೆ: ಅಗಲದ ಸ್ಕ್ಯಾನರ್, ಒಳ್ಳೇ ಕಂಪ್ಯೂಟರುಗಳು, ಕೇಳಿದರೆ ಪಕ್ಕ ಕೂತು ಹೇಳಿಕೊಡುವ ಸಿಬ್ಬಂದಿ, ಆಚೆ ಕೋಣೆಯಲ್ಲಿ ತ್ರೀಡಿ ಪ್ರಿಂಟರ್. ನನಗೆ ಬೇಕಿದ್ದದ್ದು ಇಷ್ಟೇ. ಬೆಂಗಳೂರಿನ ನೂರು ವರ್ಷ ಹಳೇ ನಕ್ಷೆಯನ್ನು ಇವತ್ತಿನದರ ಮೇಲೆ ಕೂರಿಸಿ ಹಳೇ ಕೆರೆಗಳ ಅಂಚು ಎಳೆಯುವುದು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಅಂತ ಎಲ್ಲರೂ ಹೇಳ್ತಾರೆ. ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು ಅಂತ ಕೇಳಿದರೆ ಮಾತ್ರ ತಡವರಿಸುತ್ತಾರೆ.

ಮೊದಲು ಗೂಗಲ್ ಮೈ ಮ್ಯಾಪ್ಸ್. ಕಲಿಯೋಕೆ ಏನೂ ಇಲ್ಲ, ಜಾಗ ಗುರುತಿಸಿ ಹೆಸರು ಬರೆದರೆ ಮುಗೀತು. ಆದರೆ ಪದರಗಳು 10ಕ್ಕಿಂತ ಜಾಸ್ತಿ ಇಲ್ಲ, ಹಳೇ ನಕ್ಷೆಯ ಚಿತ್ರವನ್ನು ಮೇಲೆ ಹೊದಿಸುವ ಸೌಕರ್ಯವೂ ಇಲ್ಲ. ನನ್ನ ಕೆಲಸಕ್ಕೆ ಅಲ್ಲಿಗೇ ಸಾಕಾಯಿತು. ಕೆರೆಗಳ ಹೆಸರಿನ ಪಟ್ಟಿ ಎಕ್ಸೆಲ್‌ನಲ್ಲಿದ್ದರೆ ಒಂದು ಮಾತು: ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಅನ್ನೋದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಗಿಬಿಡಬಹುದು. ಇದು ಯಾವ ಸಾಫ್ಟ್‌ವೇರ್‌ಗೆ ಹಾಕಿದರೂ ಅಷ್ಟೇ.

ನಿಜವಾದ ಕೆಲಸ ನಡೆದದ್ದು ಕ್ಯೂಜಿಐಎಸ್‌ನಲ್ಲಿ. 2002ರಲ್ಲಿ ಶುರುವಾದ ಉಚಿತ ಸಾಫ್ಟ್‌ವೇರ್ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೊದಲ ಸಲ ತೆರೆದಾಗ ಗುಂಡಿಗಳ ಸಂತೆ ನೋಡಿ ತಲೆ ತಿರುಗುತ್ತದೆ, ಸುಳ್ಳು ಹೇಳಲ್ಲ. ಆದರೆ ಅದರೊಳಗೆ ಹಳೇ ನಕ್ಷೆಯನ್ನು ಇವತ್ತಿನದರ ಮೇಲೆ ಕೂರಿಸುವ ಜಿಯೋರೆಫರೆನ್ಸರ್ ಇದೆ, ಅದೊಂದಿದ್ದರೆ ಸಾಕು. ಹಳೇ ನಕ್ಷೆಯಲ್ಲಿ ಒಂದು ಜಾಗ ಒತ್ತಬೇಕು, ಅದೇ ಜಾಗವನ್ನು ಇವತ್ತಿನ ನಕ್ಷೆಯಲ್ಲೂ ಒತ್ತಬೇಕು. ಕೆರೆಯ ದಡ ಇದಕ್ಕೆ ಬೇಡ, ಇವತ್ತಿಗೂ ಇರುವ ಹಲಸೂರು ಕೆರೆಯದ್ದೂ ಬೇಡ. ದಡ ಒತ್ತುವರಿಯಾಗುತ್ತೆ, ಬದಲಾಗುತ್ತೆ. ಅಠಾರಾ ಕಚೇರಿಯ ಮೂಲೆ, ಕೋಟೆಯ ಬಾಗಿಲು, ಲಾಲ್‌ಬಾಗ್ ಬಂಡೆಯ ಮೇಲಿನ ಕೆಂಪೇಗೌಡ ಗೋಪುರ, ಹಳೇ ಚರ್ಚುಗಳು ಒಳ್ಳೆಯವು. ಇವು ಅಲ್ಲಾಡಿಲ್ಲ.

ಆಮೇಲೆ ಯಾವ ಲೆಕ್ಕದಲ್ಲಿ ಹೊಂದಿಸಬೇಕು ಅಂತ ಕೇಳುತ್ತದೆ. ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿದರೆ ನೀವು ಕೊಟ್ಟ ಬಿಂದುಗಳೆಲ್ಲ ಕರಾರುವಾಕ್ಕಾಗಿ ಕೂರುತ್ತವೆ, ತಪ್ಪು ಸೊನ್ನೆ ಅಂತ ತೋರಿಸುತ್ತದೆ. ಖುಷಿಪಡಬೇಡಿ. ಒಂದು ಚರ್ಚಿನ ಬದಲು ಇನ್ನೊಂದು ಚರ್ಚು ಒತ್ತಿದ್ದರೂ ಅದು ಸೊನ್ನೆಯೇ ಅನ್ನುತ್ತದೆ, ನಕ್ಷೆಯನ್ನು ಜಗ್ಗಿ ಎಳೆದು ಹೊಂದಿಸಿಬಿಡುತ್ತದೆ. ಮೊದಲು ಪಾಲಿನೋಮಿಯಲ್ 1 ಹಾಕಿ, ಅದು ಇಡೀ ನಕ್ಷೆಯನ್ನು ಒಂದೇ ಸಮನಾಗಿ ಹೊಂದಿಸುವ ಸರಳ ಲೆಕ್ಕ. ಅದಕ್ಕೆ ಕನಿಷ್ಠ 3 ಬಿಂದು ಸಾಕು, ಆದರೆ ಊರಿನ ನಾಲ್ಕೂ ಮೂಲೆಗೆ ಹರಡಿದಂತೆ ಹೆಚ್ಚು ಕೊಡಿ. ಯಾವ ಬಿಂದು ಎಷ್ಟು ದೂರ ತಪ್ಪಿದೆ ಅಂತ ಪಟ್ಟಿಯಲ್ಲೇ ಕಾಣುತ್ತದೆ. ಅದನ್ನು ಸರಿಪಡಿಸಿದ ಮೇಲೆ ಬೇಕಾದರೆ ಸ್ಪ್ಲೈನ್.

ಆರ್ಕ್‌ಜಿಐಎಸ್ ಕಥೆ ಬೇರೆ. ಎಸ್ರಿ ಕಂಪನಿಯದು, ದುಡ್ಡಿನ ಸಾಫ್ಟ್‌ವೇರ್. ನಮಗೆ ವಿಶ್ವವಿದ್ಯಾಲಯದ ಲೈಸೆನ್ಸಿನಲ್ಲಿ ಸಿಗುತ್ತದೆ. ಆರ್ಕ್‌ಜಿಐಎಸ್ ಪ್ರೊದಲ್ಲೂ ಹಳೇ ನಕ್ಷೆ ಕೂರಿಸಬಹುದು, ಚೆನ್ನಾಗೇ ಕೂರುತ್ತದೆ, ಆದರೆ ಅದಕ್ಕೆ ವಿಂಡೋಸೇ ಆಗಬೇಕು. ಮ್ಯಾಕ್ ಇಟ್ಟುಕೊಂಡವರು ಲ್ಯಾಬಿಗೇ ಬರಬೇಕು. ಆರ್ಕ್‌ಜಿಐಎಸ್ ಗೆಲ್ಲುವುದು ತೋರಿಸುವುದರಲ್ಲಿ. ನಕ್ಷೆ, ಚಿತ್ರ ಸೇರಿಸಿ ವೆಬ್ ಪುಟ ಕಟ್ಟುವ ಅದರದೇ ಸ್ಟೋರಿಮ್ಯಾಪ್ಸ್‌ನಲ್ಲಿ ಸ್ವೈಪ್ ಅಂತ ಒಂದಿದೆ: ನಡುವಿನ ಗೆರೆಯನ್ನು ಬೆರಳಿನಿಂದ ಸರಿಸಿದರೆ ಒಂದು ಕಡೆ ಸಂಪಂಗಿ ಕೆರೆ, ಇನ್ನೊಂದು ಕಡೆ ಕ್ರೀಡಾಂಗಣ. ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಕಳಿಸಿದೆ. ಏನೂ ವಿವರಿಸಬೇಕಾಗಲಿಲ್ಲ. ಕ್ಯೂಜಿಐಎಸ್‌ನಲ್ಲಿ ಇಷ್ಟು ಸಲೀಸಾಗಿ ಹಂಚೋಕೆ ಆಗಲ್ಲ.

ಒಂದೇ ಭಯ, ಖಾತೆ ನಮ್ಮದಲ್ಲ. ಡಿಗ್ರಿ ಮುಗಿಸಿ ಹೊರಟರೆ ವಿಶ್ವವಿದ್ಯಾಲಯ ಕೊಟ್ಟ ಲಾಗಿನ್ ಹೋಗುತ್ತದೆ, ಅದರಲ್ಲಿ ಕಟ್ಟಿದ್ದು ಉಳಿಯುತ್ತೆ ಅನ್ನೋ ಭರವಸೆ ಇಲ್ಲ. ಹಾಗಾಗಿ ಕೆರೆಗಳ ಗೆರೆಗಳೆಲ್ಲ ಕ್ಯೂಜಿಐಎಸ್‌ನಲ್ಲಿ, ನನ್ನ ಹಾರ್ಡ್ ಡಿಸ್ಕಿನಲ್ಲಿ. ಅಲ್ಲಿಂದ ಹೊಸ ನಕ್ಷೆ, ಹಳೇ ನಕ್ಷೆ ಎರಡರ ಚಿತ್ರವನ್ನೂ ಒಂದೇ ಅಳತೆಗೆ ತೆಗೆದು ಸ್ವೈಪ್‌ಗೆ ಹಾಕಿದ್ದೇನೆ.

ತ್ರೀಡಿ ಪ್ರಿಂಟರ್‌ನ ಮೇಲೂ ಆಸೆ ಇತ್ತು. ಬೆಂಗಳೂರಿನ ನೆಲವನ್ನು ಎತ್ತರ ಹಿಗ್ಗಿಸದೆ ಇದ್ದ ಅನುಪಾತದಲ್ಲೇ ಅಚ್ಚು ಮಾಡಿದರೆ ದೋಸೆ ಕಾವಲಿ ಥರ ಚಪ್ಪಟೆ. ಎತ್ತರವನ್ನು ಹಲವು ಪಟ್ಟು ಹಿಗ್ಗಿಸಿದರೇನೇ ನೀರು ಯಾವ ಕಡೆ ವೃಷಭಾವತಿ ನದಿಗೆ, ಯಾವ ಕಡೆ ಬೆಳ್ಳಂದೂರು ಕೆರೆಗೆ ಇಳಿಯುತ್ತದೆ ಅಂತ ಕೈಗೆ ತಾಗುತ್ತದೆ. ಕ್ಯೂಜಿಐಎಸ್‌ಗೆ ಡೆಮ್‌ಟುತ್ರೀಡಿ ಎಂಬ ಪ್ಲಗಿನ್ ಹಾಕಿಕೊಂಡರೆ ಎಷ್ಟು ಪಟ್ಟು ಅಂತ ಅಲ್ಲೇ ಕೊಡಬಹುದು.